ಪೂರ್ವ ತಿಮೋರ್: ಮೌನವಾಗಿದ್ದವರ ನಡುವೆ ಒಂದು ಆಸನ

2025ರ ಅಕ್ಟೋಬರ್ 26ರಂದು ಮಲೇಷ್ಯಾದ ಕ್ವಾಲಾಲಂಪುರದಲ್ಲಿ ಪೂರ್ವ ತಿಮೋರ್ ದೇಶವು ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್‌ನ ಹನ್ನೊಂದನೆಯ ಸದಸ್ಯನಾಯಿತು. ಸುಮಾರು ಹದಿನಾಲ್ಕು ಲಕ್ಷ ಜನಸಂಖ್ಯೆಯ ದೇಶವದು. ನಮ್ಮ ಉಡುಪಿ ಜಿಲ್ಲೆಯ ಜನಸಂಖ್ಯೆಗಿಂತ ತುಸು ಹೆಚ್ಚು, ಅಷ್ಟೆ. ಆದರೂ ಕಥೋಲಿಕ ಕುಟುಂಬಗಳು ಈ ಸುದ್ದಿಯನ್ನು ಕಡೆಗಣಿಸಲಾಗದು. ಏಷ್ಯಾ ಖಂಡದಲ್ಲಿ ಕಥೋಲಿಕರೇ ಬಹುಸಂಖ್ಯಾತರಾಗಿರುವ ದೇಶಗಳು ಎರಡೇ: ಒಂದು ಫಿಲಿಪೈನ್ಸ್, ಇನ್ನೊಂದು ಈ ತಿಮೋರ್. ಪೋರ್ಚುಗೀಸರ ಆಳ್ವಿಕೆಯಲ್ಲಿ ಅದು ಬಹುಕಾಲ ಗೋವೆಯ ರಾಜಪ್ರತಿನಿಧಿಯ ಅಧೀನದಲ್ಲಿತ್ತು ಎಂಬುದನ್ನೂ, ಗೋವೆಯಿಂದಲೇ ವಲಸೆ ಬಂದ ಪೂರ್ವಜರುಳ್ಳ ನಮ್ಮ ಕರಾವಳಿಯ ಓದುಗರು ನೆನೆಯಬಹುದು.

ಈ ಸದಸ್ಯತ್ವ ಸುಲಭವಾಗಿ ದೊರೆತದ್ದಲ್ಲ. 2011ರಲ್ಲಿ ಸಲ್ಲಿಸಿದ ಅರ್ಜಿಗೆ ತಾತ್ತ್ವಿಕ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ; ಆಸನ ಸಿಕ್ಕಿದ್ದು ಅದಾಗಿ ಮೂರು ವರ್ಷಗಳ ನಂತರ. ಆಸಿಯಾನ್ ವರ್ಷವೊಂದಕ್ಕೆ ಸಾವಿರಕ್ಕೂ ಮಿಗಿಲಾದ ಸಭೆಗಳನ್ನು ಇಂಗ್ಲಿಷಿನಲ್ಲಿ ನಡೆಸುವ ಸಂಸ್ಥೆ. ತೆತುಮ್ ಮತ್ತು ಪೋರ್ಚುಗೀಸ್ ಅಧಿಕೃತ ಭಾಷೆಗಳಾಗಿರುವ ಬಡ ದೇಶವೊಂದು ಇಷ್ಟು ಸಭೆಗಳಿಗೆ ಅಧಿಕಾರಿಗಳನ್ನು ಎಲ್ಲಿಂದ ತಂದೀತು ಎಂದು ಕೆಲವು ಸದಸ್ಯರು, ಮುಖ್ಯವಾಗಿ ಸಿಂಗಪುರ, ಸಂದೇಹಪಟ್ಟದ್ದುಂಟು. ಸಂದೇಹ ನಿರಾಧಾರವಾದುದಲ್ಲ. ಆದರೆ ನಮ್ಮ ಮನಸ್ಸನ್ನು ಕಾಡುವ ಪ್ರಶ್ನೆ ಬೇರೆ. ಈ ಕೂಟವು ಅಂದು ತಿಮೋರನ್ನು ಹೇಗೆ ನಡೆಸಿಕೊಂಡಿತು?

1967ರ ಆಗಸ್ಟ್ 8ರಂದು ಬ್ಯಾಂಕಾಕಿನಲ್ಲಿ ಆಸಿಯಾನ್ ಸ್ಥಾಪಿಸಿದ ಐದು ರಾಷ್ಟ್ರಗಳಲ್ಲಿ ಇಂಡೋನೇಷ್ಯಾ ಒಂದು. ಅದೇ ಇಂಡೋನೇಷ್ಯಾ 1975ರ ಡಿಸೆಂಬರ್ 7ರಂದು, ತಿಮೋರ್ ಸ್ವಾತಂತ್ರ್ಯ ಘೋಷಿಸಿ ಹತ್ತು ದಿನ ಕಳೆಯುವ ಮೊದಲೇ, ಸೈನ್ಯ ನುಗ್ಗಿಸಿತು. ಒಬ್ಬರ ಆಂತರಿಕ ವಿಷಯದಲ್ಲಿ ಇನ್ನೊಬ್ಬರು ಕೈಹಾಕಬಾರದು ಎಂಬುದು ಆಸಿಯಾನ್‌ನ ಮೂಲತತ್ತ್ವ. ಒಂದು ದೇಶವನ್ನು ನುಂಗಿದ ಕಾರ್ಯವೂ ನುಂಗಿದವನ ಆಂತರಿಕ ವಿಷಯವಾಗಿಬಿಟ್ಟಿತು! ಅದೇ ತಿಂಗಳು ವಿಶ್ವಸಂಸ್ಥೆಯ ಮಹಾಸಭೆಯು ಆಕ್ರಮಣವನ್ನು ಖಂಡಿಸಿದಾಗ ಮಲೇಷ್ಯಾ, ಫಿಲಿಪೈನ್ಸ್, ಥಾಯ್ಲೆಂಡ್‌ಗಳು ಇಂಡೋನೇಷ್ಯಾದೊಡನೆ ನಿಂತು ನಿರ್ಣಯದ ವಿರುದ್ಧ ಮತ ನೀಡಿದವು. ವಿರುದ್ಧ ಮತ ನೀಡಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಕಹಿಯಾದರೂ ಇದನ್ನು ಮರೆಮಾಚುವುದು ಸಲ್ಲದು.

ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಕಥೆಯನ್ನು ತಿಮೋರ್‌ನ ಸತ್ಯಶೋಧನಾ ಆಯೋಗವು 2005ರಲ್ಲಿ ದಾಖಲಿಸಿದೆ. ಸಂಘರ್ಷದ ಕಾರಣದಿಂದ ಸತ್ತವರು ಕನಿಷ್ಠ ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹಸಿವು, ರೋಗಗಳಿಂದ ಅಳಿದವರು. ಈ ಕಾಲದಲ್ಲಿ ಜನರ ಪಾಲಿಗೆ ಉಳಿದಿದ್ದ ಆಶ್ರಯವೆಂದರೆ ಧರ್ಮಸಭೆ. 1975ರಲ್ಲಿ ಮೂರರಲ್ಲೊಂದು ಪಾಲಿಗೂ ಕಡಿಮೆಯಿದ್ದ ಕಥೋಲಿಕರ ಸಂಖ್ಯೆ ಆಕ್ರಮಣದ ಅವಧಿಯಲ್ಲಿ ಜನಸಂಖ್ಯೆಯ ಬಹುಭಾಗಕ್ಕೆ ಏರಿತು. ಅಂಗೀಕೃತ ಧರ್ಮಗಳಲ್ಲೊಂದನ್ನು ಎಲ್ಲರೂ ಆರಿಸಿಕೊಳ್ಳಲೇಬೇಕೆಂಬ ಇಂಡೋನೇಷ್ಯಾದ ನಿಯಮವೂ ಇದಕ್ಕೆ ಕಾರಣ; ಎಲ್ಲವನ್ನೂ ಭಕ್ತಿಯ ಲೆಕ್ಕಕ್ಕೇ ಹಾಕುವುದು ಸರಿಯಲ್ಲ. ಆದರೆ ಪೋರ್ಚುಗೀಸ್ ಭಾಷೆ ನಿಷಿದ್ಧವಾದಾಗ ಧರ್ಮಸಭೆಯು ಆಳುವವರ ಭಾಷೆಗೆ ತಿರುಗದೆ ಜನರ ತೆತುಮ್ ಭಾಷೆಯಲ್ಲಿ ಬಲಿಪೂಜೆ ಅರ್ಪಿಸತೊಡಗಿದ್ದು ಬರೇ ಆರಾಧನಾ ಸುಧಾರಣೆಯಾಗಿರಲಿಲ್ಲ. ದಿಲಿ ಧರ್ಮಪ್ರಾಂತ್ಯವನ್ನು ರೋಮ್ ನೇರವಾಗಿ ತನ್ನ ಅಧೀನದಲ್ಲೇ ಇರಿಸಿಕೊಂಡು ಇಂಡೋನೇಷ್ಯಾದ ಧರ್ಮಾಧ್ಯಕ್ಷರ ಮಂಡಳಿಗೆ ಸೇರಿಸದಿದ್ದುದರಲ್ಲೂ ಒಂದು ಮಾತಿಲ್ಲದ ಮಾತು ಇತ್ತು.

1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನು ಬಯಸಿದರು. ಅದಕ್ಕೆ ಪ್ರತೀಕಾರವಾಗಿ ಸೆಪ್ಟೆಂಬರ್ 6ರಂದು ಸುವಾಯಿ ಎಂಬಲ್ಲಿನ ದೇವಾಲಯದ ಆವರಣದಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಸಶಸ್ತ್ರ ತಂಡಗಳು ಬಿದ್ದವು. ಮೂವರು ಗುರುಗಳೂ ಅನೇಕ ನಿರಾಶ್ರಿತರೂ ಹತರಾದರು. ಮೂವರಲ್ಲೊಬ್ಬರು ತಾರ್ಸಿಸಿಯುಸ್ ದೇವಾಂತೊ, ಯೇಸುಸಭೆಯವರು. ಗುರುದೀಕ್ಷೆ ಪಡೆದು ಕೆಲವೇ ವಾರಗಳಾಗಿದ್ದವು. ಅವರು ತಿಮೋರ್‌ನವರಲ್ಲ, ಇಂಡೋನೇಷ್ಯಾದವರು! ರಾಷ್ಟ್ರವೆಂಬ ಗೆರೆ ಎಲ್ಲಿ ಮುಗಿಯುತ್ತದೆ, ನೆರೆಯವನೆಂಬ ನಂಟು ಎಲ್ಲಿ ಆರಂಭವಾಗುತ್ತದೆ ಎಂದು ಕೇಳುವವರಿಗೆ ನಾವು ಮೊದಲು ಹೇಳುವುದು ಇವರ ಹೆಸರನ್ನೇ.

ಇಷ್ಟಾದ ಮೇಲೂ ತಿಮೋರ್ ಅದೇ ನೆರೆಯವರ ಕೂಟದ ಬಾಗಿಲು ತಟ್ಟಿತೇಕೆ? ದ್ವೀಪದ ಪಶ್ಚಿಮಾರ್ಧ ಇಂಡೋನೇಷ್ಯಾದ್ದು. ಅಂಗಡಿಯ ಸಾಮಾನು ಬರುವುದು ಹೆಚ್ಚಾಗಿ ಆ ಕಡೆಯಿಂದ. ಭೂಗೋಳವನ್ನು ಬದಲಿಸಲಾಗದು. 1992ರಲ್ಲಿ ಸೆರೆಸಿಕ್ಕಿ ಜಕಾರ್ತಾದ ಕಾರಾಗೃಹದಲ್ಲಿ ವರ್ಷಗಳನ್ನು ಕಳೆದ ಶನಾನಾ ಗುಸ್ಮಾವೊ ಅವರೇ ಸ್ವಾತಂತ್ರ್ಯಾನಂತರ ಇಂಡೋನೇಷ್ಯಾದೊಡನೆ ಸ್ನೇಹವನ್ನು ಎಲ್ಲರಿಗಿಂತ ಮುಂದಾಗಿ ಬಯಸಿದರು. ಉಭಯ ದೇಶಗಳ ಜಂಟಿ ಆಯೋಗವು 2008ರಲ್ಲಿ, 1999ರ ಹಿಂಸೆಗೆ ಇಂಡೋನೇಷ್ಯಾದ ಸೇನೆ, ಪೊಲೀಸ್, ಆಡಳಿತಗಳು ಹೊಣೆಯೆಂದು ಒಪ್ಪಿತು. ಇಂಡೋನೇಷ್ಯಾ ವಿಷಾದ ಸೂಚಿಸಿತು. ಆದರೆ ಆರೋಪಪಟ್ಟಿಯಲ್ಲಿದ್ದವರಲ್ಲಿ ಬಹುಮಂದಿ ಗಡಿಯಾಚೆ ನಿಶ್ಚಿಂತರಾಗಿಯೇ ಉಳಿದರು. ಕ್ವಾಲಾಲಂಪುರದ ಮೇಜಿನಲ್ಲಿ ಆ ದಿನ ಪ್ರಧಾನಿ ಗುಸ್ಮಾವೊ ಇದ್ದರು. ಒಂದೊಮ್ಮೆ ಸೇನಾಧಿಕಾರಿಯಾಗಿ ತಿಮೋರ್‌ನಲ್ಲಿ ಸೇವೆಯಲ್ಲಿದ್ದ ಇಂಡೋನೇಷ್ಯಾದ ಅಧ್ಯಕ್ಷ ಪ್ರಬೋವೊ ಸುಬಿಯಾಂತೊ ಅವರೂ ಇದ್ದರು.

ವಿವೇಕ ಮತ್ತು ನ್ಯಾಯ ಎರಡೂ ಮೂಲ ಸದ್ಗುಣಗಳೆಂದು ನಮ್ಮ ಪರಂಪರೆ ಕಲಿಸುತ್ತದೆ. ಗುಸ್ಮಾವೊ ಅವರದು ವಿವೇಕದ ನಡೆಯೆಂದೇ ನಾವು ತಿಳಿಯುತ್ತೇವೆ. ದುರ್ಬಲ ದೇಶವೊಂದು ಪ್ರಬಲ ನೆರೆಯೊಡನೆ ನಿತ್ಯ ಕಲಹದಲ್ಲಿ ಬಾಳಲಾರದು. ಆದರೆ ಸರ್ಕಾರಗಳು ಸ್ನೇಹದ ಪತ್ರಕ್ಕೆ ಸಹಿ ಹಾಕಬಹುದೇ ಹೊರತು ಸುವಾಯಿಯ ವಿಧವೆಯ ಪರವಾಗಿ ಕ್ಷಮಿಸಲಾರವು. ಆ ಹಕ್ಕು ಆಕೆಯದು. ಸಂಧಾನದ ಹೆಸರಿನಲ್ಲಿ ಆಕೆಗೆ ಸಲ್ಲಬೇಕಾದ ಋಣ ತೀರಿತೆಂದು ಬರೆದುಬಿಟ್ಟರೆ ಅದು ಸುಳ್ಳು ಲೆಕ್ಕ.

ಆರ್ಥಿಕ ಪಕ್ಷವನ್ನೂ ನೋಡಬೇಕು. ಸರ್ಕಾರದ ವೆಚ್ಚದ ಬಹುಪಾಲು ಬರುವುದು 2005ರಲ್ಲಿ ಸ್ಥಾಪಿಸಿದ ಪೆಟ್ರೋಲಿಯಂ ನಿಧಿಯಿಂದ. ಅದನ್ನು ತುಂಬಿಸಿದ ಬಾಯು-ಉಂದಾನ್ ಅನಿಲಕ್ಷೇತ್ರ 2025ರಲ್ಲಿ ಬರಿದಾಯಿತು. ಗ್ರೇಟರ್ ಸನ್‌ರೈಸ್ ಎಂಬ ಇನ್ನೊಂದು ಕ್ಷೇತ್ರದ ಅನಿಲ ತಿಮೋರ್‌ನ ತೀರಕ್ಕೆ ಬರಬೇಕೋ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೋಗಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆಯಿತು. 2020ರ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 47 ಮಂದಿ ಪೌಷ್ಟಿಕಾಹಾರವಿಲ್ಲದೆ ಬೆಳವಣಿಗೆ ಕುಂಠಿತರಾದವರು. ಯುವಕರು ದುಡಿಮೆಗಾಗಿ ದಕ್ಷಿಣ ಕೊರಿಯಾಕ್ಕೂ ಆಸ್ಟ್ರೇಲಿಯಾಕ್ಕೂ ಹೋಗುತ್ತಾರೆ. ಗಲ್ಫಿನ ಹಣದಿಂದ ಮನೆ ಕಟ್ಟಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಣ್ಣೆ, ಅನಿಲಗಳ ಹೊರತು ರಫ್ತಾಗುವ ಮುಖ್ಯ ಸರಕು ಕಾಫಿ. ಅಂದ ಹಾಗೆ, ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ, ಎಲೆತುಕ್ಕು ರೋಗಕ್ಕೆ ಬಗ್ಗದ ಕಾಫಿ ಗಿಡ ಮೊದಲು ಕಂಡದ್ದು ತಿಮೋರ್‌ನಲ್ಲಿ. ನಮ್ಮ ಮಲೆನಾಡಿನ ತೋಟಗಳ ಕಾವೇರಿ ತಳಿಯಲ್ಲೂ, ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿಯಲ್ಲೂ ಆ ಗಿಡದ ರಕ್ತವಿದೆ. ಜಗತ್ತಿಗೆ ಇಂಥ ಕೊಡುಗೆ ಕೊಟ್ಟ ದೇಶ ಇಂದು ಕಾಫಿಯನ್ನು ಅಲ್ಪ ಪ್ರಮಾಣದಲ್ಲಿ ಮಾರಿ, ಅಕ್ಕಿಯನ್ನು ಹೊರಗಿನಿಂದ ಕೊಳ್ಳುತ್ತಿದೆ. ಆಸಿಯಾನ್‌ನ ಸುಂಕರಹಿತ ಮಾರುಕಟ್ಟೆ ಅದರ ರೈತನಿಗೆ ಬಾಗಿಲು ತೆರೆದೀತೇ, ಅಥವಾ ನೆರೆಯ ದೇಶಗಳ ಅಗ್ಗದ ಸರಕಿಗೆ ಮಾತ್ರ ದಾರಿ ಬಿಟ್ಟೀತೇ? ಅಮೆರಿಕದ ಡಾಲರನ್ನೇ ನಾಣ್ಯವಾಗಿ ಬಳಸುವ ದೇಶದಲ್ಲಿ ಕೂಲಿಯೂ ವೆಚ್ಚವೂ ದುಬಾರಿ. ಆದ್ದರಿಂದ ಎರಡನೆಯದರ ಭಯವೇ ನಮಗೆ ಹೆಚ್ಚು.

ಇನ್ನು ತತ್ತ್ವದ ಪರೀಕ್ಷೆ. 2023ರ ಆಗಸ್ಟಿನಲ್ಲಿ ಮ್ಯಾನ್ಮಾರಿನ ಸೇನಾಡಳಿತವು ತಿಮೋರ್‌ನ ರಾಜತಾಂತ್ರಿಕನನ್ನು ಹೊರಹಾಕಿತು. ಸೇನೆಯನ್ನು ಎದುರಿಸುತ್ತಿರುವ ಸಮಾನಾಂತರ ಸರ್ಕಾರದವರನ್ನು ತಿಮೋರ್ ಭೇಟಿಯಾಗಿತ್ತೆಂಬುದೇ ಅಪರಾಧ. ಅದೇ ವರ್ಷದ ನವೆಂಬರಿನಲ್ಲಿ ಲೊಯ್ಕಾವಿನ ಕ್ರಿಸ್ತರಾಜ ಪ್ರಧಾನಾಲಯವನ್ನು ಸೈನಿಕರು ವಶಪಡಿಸಿಕೊಂಡರು. ಅಲ್ಲಿನ ಧರ್ಮಾಧ್ಯಕ್ಷರು ನಿರಾಶ್ರಿತರಾದ ತಮ್ಮ ಜನರೊಡನೆ ತಾವೂ ನಿರಾಶ್ರಿತರಾದರು. ಸದಸ್ಯನಾಗುವ ಮೊದಲು ಮ್ಯಾನ್ಮಾರಿನ ಪೀಡಿತರ ಪರವಾಗಿ ಬಾಯಿ ತೆರೆದ ತಿಮೋರ್, ಈಗ ಆ ಮ್ಯಾನ್ಮಾರ್ ಕೂಡ ಸದಸ್ಯನಾಗಿರುವ, ಸರ್ವಸಮ್ಮತಿಯಿಂದಲೇ ತೀರ್ಮಾನ ಕೈಗೊಳ್ಳುವ ಕೂಟದೊಳಗೆ ಕುಳಿತಿದೆ. ಆಂತರಿಕ ವಿಷಯವೆಂಬ ಮಾತು ಆ ಮೇಜಿನಲ್ಲಿ ಮತ್ತೆ ಕೇಳಿಬಂದಾಗ ದಿಲಿಯ ಪ್ರತಿನಿಧಿ ಏನು ಹೇಳುತ್ತಾನೆಂಬುದನ್ನು ಲೊಯ್ಕಾವಿನ ಜನರು ನಮಗಿಂತ ಹೆಚ್ಚು ಆತುರದಿಂದ ಕಾಯುತ್ತಿರಬಹುದು.