ಬೆಕ್ಕಿನ ಶುಗರ್ ಮನೆಯಲ್ಲೇ ನೋಡಲು ನಮಗೆ ಕಲಿಸಿ
ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸಕ್ಕರೆ ಕಾಯಿಲೆ ಇರುವ ಬೆಕ್ಕುಗಳ ರಕ್ತವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ಸಾಕಿದವರಿಗೆ ತರಬೇತಿ ಮತ್ತು ನೆರವು ಕೋರಿ.

ಮಾನ್ಯರೇ,

ನಿಮ್ಮ ಇಲಾಖೆಯ ಮೇಲೆ ಎಷ್ಟು ಹೊರೆ ಇದೆ ಎಂಬುದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸಬೇಕು, ಚರ್ಮಗಂಟು ರೋಗ ಹಬ್ಬದಂತೆ ನೋಡಿಕೊಳ್ಳಬೇಕು, ಕುರಿ, ಕೋಳಿ, ಹಂದಿ ಎಲ್ಲಕ್ಕೂ ಔಷಧ ಮುಟ್ಟಿಸಬೇಕು. ಕರೆಯುವ ಹಸು ಮಲಗಿತೆಂದರೆ ರೈತರ ಸಂಸಾರವೇ ಕಂಗಾಲಾಗುತ್ತದೆ. ದನದ ಆಸ್ಪತ್ರೆಯಲ್ಲಿ ಮೊದಲ ಸರದಿ ಅದಕ್ಕೇ ಸಲ್ಲಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಈಗ ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಕೂತವರೂ ಕಾಣುತ್ತಾರೆ. ಅವರಲ್ಲಿ ಕೆಲವರು ತಂದ ಬೆಕ್ಕಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಅಂಥವರ ಪರವಾಗಿ, ಅವರಲ್ಲೊಬ್ಬಳಾಗಿ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವನ್ನು ಕೇಳುತ್ತಿದ್ದೇನೆ.

ನಮ್ಮ ಮನೆಯ ಗುಂಡ ವಯಸ್ಸಾದ ಗಂಡು ಬೆಕ್ಕು. ಬೀಜ ತೆಗೆಸಿದ್ದೆವು, ಹೊರಗೆ ತಿರುಗುವುದು ಕಡಿಮೆ, ಮೈ ತುಂಬಿಕೊಂಡಿದ್ದ. ಇದ್ದಕ್ಕಿದ್ದಂತೆ ನೀರಿನ ಬಟ್ಟಲು ಬಿಟ್ಟು ಏಳದಾದ, ಮೂತ್ರ ಹೆಚ್ಚಾಯಿತು, ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದ. ಕೊನೆಗೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿದ. ಬೆಕ್ಕು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ಸಕ್ಕರೆ ಹೆಚ್ಚಾಗಿ ನರಗಳು ಸೋತಾಗ ಹೀಗೆ ಹಿಮ್ಮಡಿ ಊರುತ್ತದೆ ಎಂದು ವೈದ್ಯರು ತಿಳಿಸಿ, ದಿನಕ್ಕೆರಡು ಹೊತ್ತು ಇನ್ಸುಲಿನ್ ಬರೆದುಕೊಟ್ಟರು. ವಯಸ್ಸಾದ, ಬೀಜ ತೆಗೆಸಿದ, ಮನೆಯೊಳಗೇ ಇದ್ದು ದಪ್ಪಗಾದ ಗಂಡು ಬೆಕ್ಕುಗಳಲ್ಲಿ ಈ ಕಾಯಿಲೆ ಹೆಚ್ಚು. ಚರ್ಮದ ತುರಿಕೆಗೆಂದು ಮತ್ತೆ ಮತ್ತೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೂ ಇದು ಬರಬಹುದು.

ಇನ್ಸುಲಿನ್ ಚುಚ್ಚುವುದು ಕಷ್ಟವಲ್ಲ, ಮಾನ್ಯರೇ. ಕತ್ತಿನ ಹಿಂದೆ ಚರ್ಮ ಎತ್ತಿ ಸಣ್ಣ ಸೂಜಿ ಏರಿಸಿದರೆ ಊಟ ಮಾಡುತ್ತಿರುವ ಬೆಕ್ಕಿಗೆ ಅದು ತಿಳಿಯುವುದೂ ಇಲ್ಲ. ಕಷ್ಟ ಇರುವುದು ಎಷ್ಟು ಚುಚ್ಚಬೇಕೆಂದು ತಿಳಿಯುವುದರಲ್ಲಿ. ಅದಕ್ಕೆ ರಕ್ತದ ಸಕ್ಕರೆ ನೋಡಬೇಕು. ಅದನ್ನು ಆಸ್ಪತ್ರೆಯಲ್ಲಿ ನೋಡಿದರೆ ಸರಿಯಾದ ಅಂಕಿ ಸಿಗುವುದಿಲ್ಲ.

ಕಾರಣ ಬೆಕ್ಕಿನ ಸ್ವಭಾವದಲ್ಲೇ ಇದೆ. ಬುಟ್ಟಿಗೆ ಹಾಕಿ, ಆಟೋದಲ್ಲಿ ಕೂರಿಸಿ, ನಾಯಿಗಳು ಬೊಗಳುವ ಜಾಗಕ್ಕೆ ಒಯ್ದರೆ ಬೆಕ್ಕು ಗಾಬರಿಯಾಗುತ್ತದೆ. ಆ ಗಾಬರಿಗೇ ರಕ್ತದ ಸಕ್ಕರೆ ಏರುತ್ತದೆ. ಕಾಯಿಲೆಯೇ ಇಲ್ಲದ ಬೆಕ್ಕಿನಲ್ಲೂ ಹೀಗೆ ಅದು 300 ದಾಟಬಹುದು. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿದರೆ, ಮನೆಗೆ ಬಂದು ಗಾಬರಿ ಇಳಿದ ಮೇಲೆ ಅದೇ ಪ್ರಮಾಣ ಬೆಕ್ಕಿನ ಪ್ರಾಣಕ್ಕೆ ಮುಳುವಾಗುತ್ತದೆ. ಫ್ರಕ್ಟೋಸಮೈನ್ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಗಾಬರಿಯಿಂದ ಅದು ಏರುಪೇರಾಗುವುದಿಲ್ಲ, ಹಿಂದಿನ ಒಂದೆರಡು ವಾರಗಳ ಒಟ್ಟು ಸ್ಥಿತಿ ಹೇಳುತ್ತದೆ. ಆದರೆ ಇವತ್ತು ಸಂಜೆ ಚುಚ್ಚಬೇಕೋ ಬೇಡವೋ ಎಂದು ಅದು ಹೇಳಲಾರದು.

ಪ್ರಮಾಣ ಗೊತ್ತುಮಾಡಲು ವೈದ್ಯರಿಗೆ ಬೇಕಾದದ್ದು ಇಡೀ ದಿನದ ಏರಿಳಿತ. ಬೆಳಗಿನ ಇನ್ಸುಲಿನ್‌ಗೆ ಮೊದಲು ಒಮ್ಮೆ, ಆಮೇಲೆ ಎರಡೆರಡು ಗಂಟೆಗೊಮ್ಮೆ, ಸಂಜೆಯ ಇನ್ಸುಲಿನ್‌ವರೆಗೆ ರಕ್ತ ನೋಡಿ ಬರೆದಿಡಬೇಕು. ಅತಿ ಕೆಳಗಿನ ಅಂಕಿ ಎಷ್ಟು, ಅದು ಯಾವ ಹೊತ್ತಿಗೆ ಬಂತು ಎಂಬುದೇ ಮುಖ್ಯ. ಸುಮಾರು 80ರಿಂದ 150ರ ಒಳಗೆ ಅದು ನಿಂತರೆ ಇನ್ಸುಲಿನ್ ಹಿಡಿತ ಸರಿಯಾಗಿದೆ ಎಂದು ಲೆಕ್ಕ. 60ಕ್ಕಿಂತ ಇಳಿದರೆ ಅಪಾಯ. ಈ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಮಾಡಬೇಕೆಂದರೆ ಬೆಕ್ಕನ್ನು ಬೆಳಗಿನಿಂದ ಸಂಜೆಯವರೆಗೆ ಬೋನಿನಲ್ಲಿಡಬೇಕು. ಅಲ್ಲಿ ಅದು ಊಟ ಮುಟ್ಟುವುದಿಲ್ಲ, ಮುದುರಿ ಕೂರುತ್ತದೆ. ಅಲ್ಲಿ ಸಿಗುವ ಪಟ್ಟಿ ಬೋನಿನಲ್ಲಿರುವ ಬೆಕ್ಕಿನದು. ಮನೆಯಲ್ಲಿ ಉಂಡು, ಮಲಗಿ, ಕಿಟಕಿಯಲ್ಲಿ ಕೂರುವ ಬೆಕ್ಕಿನ ಪಟ್ಟಿ ಬೇರೆಯೇ ಇರುತ್ತದೆ.

ಹಾಗಾಗಿ ಮನೆಯಲ್ಲೇ ನೋಡಬೇಕು. ಅದು ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಕ್ಕಿನ ಕಿವಿಯ ಹೊರ ಅಂಚಿನಲ್ಲಿ ಎಳೆಯಷ್ಟು ತೆಳ್ಳಗೆ ಒಂದು ರಕ್ತನಾಳ ಹೋಗುತ್ತದೆ. ಸೂಜಿ ತಾಗಬೇಕಾದದ್ದು ಆ ನಾಳ ಮತ್ತು ಕಿವಿಯ ಅಂಚಿನ ನಡುವಿನ ಸಣ್ಣ ಜಾಗಕ್ಕೆ. ನಮ್ಮ ಅತ್ತೆ ಗುಂಡನನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಬಿಸಿ ಕೊಟ್ಟರೆ ನೀರು ಬೆರೆತು ಅಂಕಿ ಕೆಡುತ್ತದೆ. ಅದಕ್ಕೆ ಸಣ್ಣ ಬಟ್ಟೆ ಚೀಲದಲ್ಲಿ ಅಕ್ಕಿ ತುಂಬಿ, ಬಾಣಲೆಯ ಮೇಲಿಟ್ಟು ಬೆಚ್ಚಗೆ ಮಾಡಿ, ನಮ್ಮ ಕೆನ್ನೆಗೆ ತಾಗಿಸಿ ಬಿಸಿ ನೋಡಿಕೊಂಡು ಕಿವಿಗೆ ಒತ್ತುತ್ತೇವೆ. ಕಿವಿಯ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಕಿವಿಯ ಹಿಂದೆ ಮಡಿಸಿದ ಹತ್ತಿ ಹಿಡಿದು ಚುಚ್ಚಬೇಕು, ಇಲ್ಲದಿದ್ದರೆ ಸೂಜಿ ನಮ್ಮ ಬೆರಳಿಗೇ ನಾಟುತ್ತದೆ. ಹನಿ ಮೂಡಿದ ಕ್ಷಣಕ್ಕೇ ಬೆಕ್ಕು ಕಿವಿ ಕೊಡವುತ್ತದೆ. ಹನಿ ಸಿಡಿದು ಗೋಡೆಗೆ, ಸೀರೆಗೆ ಅಂಟುತ್ತದೆ, ಸ್ಟ್ರಿಪ್‌ಗೆ ಸಿಗುವುದಿಲ್ಲ. ಸಿಕ್ಕರೂ ಸಾಲದೆ ಮೀಟರ್ ತಪ್ಪು ತೋರಿಸುತ್ತದೆ, ಆ ಸ್ಟ್ರಿಪ್ ಹಾಳು. ಇನ್ನೊಂದು ಸ್ಟ್ರಿಪ್ ತೆಗೆಯುವಷ್ಟರಲ್ಲಿ ಬೆಕ್ಕು ಮಂಚದ ಕೆಳಗಿರುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಗಾಬರಿಯಾಗಿ ಮತ್ತೆ ಸಕ್ಕರೆ ಏರುತ್ತದೆ. ಅದಕ್ಕಾಗಿ ಪರೀಕ್ಷೆಯ ನಂತರ ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟು, ದಿನವೂ ಅದೇ ಜಾಗ, ಅದೇ ಟವೆಲು, ಅದೇ ಹೊತ್ತು ಎಂದು ರೂಢಿ ಮಾಡಿಸಬೇಕು. ತಿಳಿದವರು ಒಮ್ಮೆ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಇಷ್ಟನ್ನೂ ಯಾರು ಬೇಕಾದರೂ ಕಲಿಯಬಹುದು. ತೋರಿಸುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಪರೀಕ್ಷೆಯನ್ನೇ ಕೈಬಿಟ್ಟು, ಅಂದಾಜಿನ ಮೇಲೆ ಇನ್ಸುಲಿನ್ ಚುಚ್ಚುವ ಸ್ಥಿತಿ ಬರುತ್ತದೆ.

ಮೀಟರಿನದು ಇನ್ನೊಂದು ತೊಡಕು. ಅತ್ತೆಯವರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇದೆ. ಅದೇ ಸಾಕಲ್ಲ ಎನಿಸುವುದು ಸಹಜ. ಆದರೆ ಮನುಷ್ಯರ ರಕ್ತದಲ್ಲಿ ಸಕ್ಕರೆಯ ದೊಡ್ಡ ಪಾಲು ಕೆಂಪು ರಕ್ತಕಣಗಳ ಒಳಗೂ ಇರುತ್ತದೆ. ಬೆಕ್ಕಿನಲ್ಲಿ ನೂರಕ್ಕೆ ಸುಮಾರು 93 ಪಾಲು ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರು ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಮೆರಿಕ, ಯುರೋಪುಗಳಲ್ಲಿ ಬೆಕ್ಕು ನಾಯಿಗಳಿಗೆಂದೇ ಹೊಂದಿಸಿದ ಆಲ್ಫಾಟ್ರ್ಯಾಕ್‌ನಂಥ ಮೀಟರುಗಳಿವೆ, ಅದಕ್ಕೆ 0.3 ಮೈಕ್ರೊಲೀಟರ್ ರಕ್ತ ಸಾಕು. ನಮ್ಮ ಜಿಲ್ಲೆಯ ಔಷಧ ಅಂಗಡಿಯಲ್ಲಿ ಕೇಳಿದರೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ. ಮನುಷ್ಯರ ಮೀಟರನ್ನೇ ಬಳಸುವುದಾದರೂ ಸದಾ ಒಂದೇ ಮೀಟರ್ ಇಟ್ಟುಕೊಂಡು, ಅದರ ಅಂಕಿಯನ್ನು ಬೆಕ್ಕಿಗೆ ಹೇಗೆ ಓದಬೇಕೆಂದು ವೈದ್ಯರಿಂದ ತಿಳಿದುಕೊಳ್ಳಬೇಕು. ಚರ್ಮಕ್ಕೆ ಅಂಟಿಸಿ 14 ದಿನದವರೆಗೆ ಸಕ್ಕರೆ ನೋಡುವ ಸೆನ್ಸರುಗಳನ್ನೂ ಬೆಕ್ಕುಗಳಿಗೆ ಬಳಸುತ್ತಾರೆ. ಒಂದಕ್ಕೆ ಸಾವಿರಾರು ರೂಪಾಯಿ. ಬೆಕ್ಕು ಕೆರೆದು ಕಿತ್ತರೆ ಅಷ್ಟೂ ಹೋಯಿತು.

ಇಷ್ಟೆಲ್ಲ ಕಷ್ಟಪಟ್ಟು ನೋಡಲೇಬೇಕೇ ಎಂದು ಯಾರಾದರೂ ಕೇಳಬಹುದು. ಅತ್ತೆಗೆ ಶುಗರ್ ಇಳಿದರೆ, "ಯಾಕೋ ಕೈ ನಡುಗ್ತಾ ಇದೆ, ಒಂಚೂರು ಸಕ್ಕರೆ ಕೊಡಮ್ಮ" ಎನ್ನುತ್ತಾರೆ. ಬೆಕ್ಕು ಹಾಗೆ ಹೇಳಲಾರದು, ಮೂಲೆಯಲ್ಲಿ ಸುಮ್ಮನೆ ಮಲಗುತ್ತದೆ. ಮನೆಯವರು ನಿದ್ದೆ ಎಂದುಕೊಳ್ಳುತ್ತಾರೆ. ತೂರಾಡುವುದು, ಫಿಟ್ಸ್ ಬರುವುದು ಕಾಣುವ ಹೊತ್ತಿಗೆ ಉಳಿದಿರುವುದು ಕೆಲವೇ ನಿಮಿಷ. ಒಸಡಿಗೆ ಜೇನುತುಪ್ಪವೋ ಸಕ್ಕರೆ ಪಾಕವೋ ಸವರಿ, ತಕ್ಷಣ ವೈದ್ಯರ ಬಳಿ ಓಡಬೇಕು ಎಂಬ ಇಷ್ಟು ತಿಳಿವಳಿಕೆ ಇನ್ಸುಲಿನ್ ಕೊಡುವ ಪ್ರತಿ ಮನೆಗೂ ಮೊದಲ ದಿನವೇ ಸಿಗಬೇಕು.

ಅಪಾಯಕ್ಕೆ ಇನ್ನೊಂದು ದಾರಿ ಸಿರಿಂಜಿನದು. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಬರುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಮತ್ತು 100 ಯೂನಿಟ್. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ 100 ಯೂನಿಟ್ಟಿನದು. ಅಂಗಡಿಯವರು ಕೈಗೆ ಸಿಕ್ಕ ಕೆಂಪು ಮುಚ್ಚಳದ ಸಿರಿಂಜು ಕೊಟ್ಟರೆ, ಒಂದು ಯೂನಿಟ್ ಎಂದು ಎಳೆದದ್ದು ಎರಡೂವರೆ ಯೂನಿಟ್ ಆಗಿರುತ್ತದೆ. ಶುರುವಿನಲ್ಲಿ ಬೆಕ್ಕಿಗೆ ಕೊಡುವುದೇ ಒಂದೆರಡು ಯೂನಿಟ್. ಇಂಥ ತಪ್ಪು ನಡೆದರೆ ಅದನ್ನು ಹಿಡಿದುಕೊಡುವುದೂ ಮನೆಯ ರಕ್ತಪರೀಕ್ಷೆಯೇ.

ಊಟ ಬದಲಿಸುವಾಗಲೂ ಈ ಪರೀಕ್ಷೆ ಬೇಕು. ನಮ್ಮ ಕಡೆ ಬೆಕ್ಕಿಗೆ ಹಾಲು, ಅನ್ನ ಹಾಕಿ ಬೆಳೆಸುವುದು ರೂಢಿ. ಬೆಕ್ಕು ಹುಟ್ಟಾ ಮಾಂಸಾಹಾರಿ. ಸಕ್ಕರೆ ಕಾಯಿಲೆ ಬಂದ ಮೇಲೆ ಅನ್ನ ತಪ್ಪಿಸಿ ಮಾಂಸ, ಮೊಟ್ಟೆ, ಮೀನಿನ ಕಡೆ ತಿರುಗಿಸಲು ವೈದ್ಯರು ಹೇಳುತ್ತಾರೆ. ಹಾಗೆ ಊಟ ಬದಲಾದರೆ ಕೆಲವೇ ದಿನಗಳಲ್ಲಿ ಇನ್ಸುಲಿನ್ ಬೇಡಿಕೆ ಸರ್ರನೆ ಇಳಿಯಬಹುದು. ರಕ್ತ ನೋಡದೆ ಹಳೆಯ ಪ್ರಮಾಣವನ್ನೇ ಚುಚ್ಚುತ್ತ ಹೋದರೆ, ಒಳ್ಳೆಯದಕ್ಕೆಂದು ಮಾಡಿದ ಬದಲಾವಣೆಯೇ ಬೆಕ್ಕನ್ನು ಕೊಲ್ಲುತ್ತದೆ. ಬೇಗ ಗುರುತಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕೆಲವು ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಬದುಕುವ ಹಂತಕ್ಕೂ ಬರುತ್ತವೆ. ಆ ಹಂತ ಬಂತೆಂದು ತಿಳಿಸುವುದೂ ಕಿವಿಯ ಅದೇ ಹನಿ ರಕ್ತ.

ಇನ್ಸುಲಿನ್ ಬದಲು ಮಾತ್ರೆ ಕೊಡಬಹುದಲ್ಲ ಎಂದೂ ಯಾರಾದರೂ ಕೇಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರಿನಲ್ಲಿ ಬೆಕ್ಕಿನ ಸಕ್ಕರೆ ಕಾಯಿಲೆಗೆ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಆದರೆ ಮೊದಲೇ ಇನ್ಸುಲಿನ್ ಪಡೆದ ಬೆಕ್ಕಿಗೆ ಅದು ಸಲ್ಲದು. ಕೊಟ್ಟ ಬೆಕ್ಕುಗಳಿಗೂ ರಕ್ತಪರೀಕ್ಷೆ ತಪ್ಪಿದ್ದಲ್ಲ. ಮಾತ್ರೆ ಬಂದರೆ ಸಮಸ್ಯೆ ತೀರಿತು ಎನ್ನುವಂತಿಲ್ಲ.

ಸರ್ಕಾರ ಏನು ಮಾಡಬಹುದು? ನನ್ನ ಕೋರಿಕೆ ಐದು.

ಒಂದು, ಪ್ರತಿ ಜಿಲ್ಲೆಯ ಪಶುವೈದ್ಯಕೀಯ ಪಾಲಿಕ್ಲಿನಿಕ್‌ನಲ್ಲಿ ವಾರಕ್ಕೊಂದು ಹೊತ್ತು ಗೊತ್ತುಮಾಡಿ, ಬೆಕ್ಕಿನ ಕಿವಿಯಿಂದ ರಕ್ತ ತೆಗೆಯುವುದನ್ನು ಸಾಕಿದವರ ಕೈಯಲ್ಲೇ ಮಾಡಿಸಿ ಕಲಿಸಬೇಕು. ಅನುಭವ ಇರುವ ಪಶುವೈದ್ಯಕೀಯ ಪರೀಕ್ಷಕರೊಬ್ಬರು ಸಾಕು.

ಎರಡು, ಬೆಕ್ಕಿಗೆ ಹೊಂದುವ ಮೀಟರುಗಳನ್ನು ಅಲ್ಲಿ ಇಟ್ಟು, ಠೇವಣಿ ಪಡೆದು ಕೆಲವು ದಿನದ ಮಟ್ಟಿಗೆ ಮನೆಗೆ ಕೊಡಬೇಕು. ಸ್ಟ್ರಿಪ್ ಖರ್ಚನ್ನು ನಾವೇ ಭರಿಸುತ್ತೇವೆ.

ಮೂರು, ಇನ್ಸುಲಿನ್ ಚೀಟಿಯಲ್ಲಿ 40 ಅಥವಾ 100 ಎಂಬುದನ್ನೂ, ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಬೇಕು.

ನಾಲ್ಕು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗದಂಥ ಕಡೆ ಕಾಲೇಜುಗಳಿವೆ. ಅಲ್ಲಿಯ ಅಧ್ಯಾಪಕರಿಂದ ಕನ್ನಡದಲ್ಲಿ ಒಂದು ಕೈಪಿಡಿ, ಒಂದು ಸಣ್ಣ ವಿಡಿಯೊ ಮಾಡಿಸಬೇಕು.

ಐದು, 1962 ಸಂಖ್ಯೆಯ ಪಶು ಸಹಾಯವಾಣಿಗೆ ಕರೆ ಮಾಡಿದವರಿಗೆ, ಸಕ್ಕರೆ ಇಳಿದ ಬೆಕ್ಕು ನಾಯಿಗಳಿಗೆ ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದು ಫೋನಿನಲ್ಲೇ ಹೇಳುವ ವ್ಯವಸ್ಥೆ ಆಗಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ರೈತರ ಒಂದು ಹಸುವಿನ ಪಾಲನ್ನೂ ಇದು ಕಸಿಯುವುದಿಲ್ಲ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಬಂದ ಕಾಯ್ದೆಯ 3ನೇ ಕಲಂ, ಸಾಕಿದ ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ ಎನ್ನುತ್ತದೆ. ಆ ಕರ್ತವ್ಯವನ್ನು ನಿಭಾಯಿಸಲು ನಾವು ಸಿದ್ಧ. ಹೇಗೆಂದು ಕಲಿಸಬೇಕಾದದ್ದು ಸರ್ಕಾರದ ಪಾಲು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಕೊಂಡದ್ದು ನಾಯಿಗಳ ಮೇಲೆ ನಡೆಸಿದ ಪ್ರಯೋಗದಿಂದ. ಆಮೇಲೆ ದಶಕಗಳ ಕಾಲ ಮನುಷ್ಯರು ಬದುಕಿದ್ದು ದನ ಮತ್ತು ಹಂದಿಯ ಮೇದೋಜೀರಕದಿಂದ ತೆಗೆದ ಇನ್ಸುಲಿನ್‌ನಿಂದ. ಪ್ರಾಣಿಗಳಿಂದ ಬಂದ ಔಷಧ ಪ್ರಾಣಿಗಳಿಗೂ ಸರಿಯಾದ ಪ್ರಮಾಣದಲ್ಲಿ ಸಿಗಲಿ ಎಂದು ಕೇಳುವುದು ನ್ಯಾಯ.

ಎಲ್ಲ ಜಿಲ್ಲೆಗಳಲ್ಲಿ ಒಮ್ಮೆಗೇ ಆಗದಿದ್ದರೆ ಒಂದು ಜಿಲ್ಲೆಯಲ್ಲಾದರೂ ಶುರು ಮಾಡಿಸಿ. ನಮ್ಮ ದಾವಣಗೆರೆಯಲ್ಲೇ ಆಗುವುದಾದರೆ, ಕಲಿಯಲು ಬರುವವರಿಗೆ ನೆರವಾಗಲು ನಾನು ಮತ್ತು ನಮ್ಮ ಅತ್ತೆ ಇಬ್ಬರೂ ಬರುತ್ತೇವೆ. ದಯವಿಟ್ಟು ಆದೇಶ ಹೊರಡಿಸಿ.

ಇತಿ ತಮ್ಮ ವಿಶ್ವಾಸಿ,
ಬೆಕ್ಕು ಸಾಕಿದ ಒಬ್ಬ ಗೃಹಿಣಿ,
ದಾವಣಗೆರೆ