ಭೇಟಿಗೆ ಮುನ್ನ ಜಾಲಾಟ: ಎಚ್ಚರಿಕೆಯೋ, ಇಣುಕುನೋಟವೋ?

ಬೆಂಗಳೂರು: ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಕನ್ನಡನಾಡಿನಲ್ಲಿ ಬಹಳ ಹಳೆಯದು. ಆ ಸುಳ್ಳುಗಳನ್ನು ಪತ್ತೆಹಚ್ಚುವ ಹೊಣೆಯನ್ನು ಹಿಂದೆ ಸೋದರಮಾವಂದಿರು, ಪುರೋಹಿತರು, ಗಂಡಿನ ಊರಿನ ಪರಿಚಯಸ್ಥರು ಹೊರುತ್ತಿದ್ದರು. ಈಗ ಆ ಹೊಣೆ ಮೊಬೈಲ್ ಫೋನಿನ ಪಾಲಾಗಿದೆ. ವಿವಾಹ ತಾಣದಲ್ಲೋ ಡೇಟಿಂಗ್ ಆ್ಯಪ್‌ನಲ್ಲೋ ಪರಿಚಯವಾದ ವ್ಯಕ್ತಿಯ ಎದುರು ಕುಳಿತು ಒಂದು ಕಾಫಿ ಕುಡಿಯುವ ಮೊದಲೇ ಆತನ ಹೆಸರು ಗೂಗಲ್‌ನಲ್ಲಿ, ಉದ್ಯೋಗ ಲಿಂಕ್ಡ್‌ಇನ್‌ನಲ್ಲಿ, ಸ್ನೇಹವಲಯ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ತಪಾಸಣೆಗೊಳಗಾಗಿರುತ್ತದೆ.

ಅಪರಿಚಿತರನ್ನು ನಂಬುವ ಮುನ್ನ ವಿಚಾರಿಸುವುದು ತಪ್ಪಲ್ಲ. ಆದರೆ ವಿಚಾರಣೆ ಎಲ್ಲಿ ಮುಗಿಯಬೇಕು, ಕೆದಕುವಿಕೆ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಯ ಒಂದು ಮುಖ ಈಗಾಗಲೇ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿ ಬಂದಿದೆ.

ಸಂಶಯಕ್ಕೆ ಕಾರಣವಿದೆ

ವಿವಾಹ ತಾಣಗಳ ಮೂಲಕ ನಡೆಯುವ ವಂಚನೆಯ ಮಾದರಿ ಪೊಲೀಸರಿಗೆ ಚಿರಪರಿಚಿತ. ವಿದೇಶದಲ್ಲಿ ವೈದ್ಯನೆಂದೋ ಎಂಜಿನಿಯರ್ ಎಂದೋ ಹೇಳಿಕೊಳ್ಳುವ ವರ ಉಡುಗೊರೆ ಕಳಿಸಿದ್ದಾಗಿ ತಿಳಿಸುತ್ತಾನೆ. ಕೆಲವೇ ದಿನಗಳಲ್ಲಿ 'ಕಸ್ಟಮ್ಸ್ ಅಧಿಕಾರಿ'ಯ ಕರೆ ಬರುತ್ತದೆ. ಸುಂಕದ ಹೆಸರಿನಲ್ಲಿ ಖಾಸಗಿ ಖಾತೆಗೆ ಹಣ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಉಡುಗೊರೆಯ ಜಾಗಕ್ಕೆ ಷೇರು ಮತ್ತು ಕ್ರಿಪ್ಟೋ ಹೂಡಿಕೆಯ ಆಮಿಷ ಬಂದಿದೆ. ಮೊದಲೇ ಮದುವೆಯಾದವರು ಅವಿವಾಹಿತರ ಸೋಗು ಹಾಕುವುದು ಇನ್ನೊಂದು ಬಗೆ.

ಕೇಂದ್ರ ಸರ್ಕಾರ ವಿವಾಹ ತಾಣಗಳಿಗಾಗಿ 2016ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಬಳಕೆದಾರರ ಗುರುತಿನ ದಾಖಲೆ ಪಡೆಯುವಂತೆ ಸೂಚಿಸಿತು. ಆದರೆ ದಾಖಲೆ ಸರಿಯಿದ್ದ ಮಾತ್ರಕ್ಕೆ ವ್ಯಕ್ತಿ ಹೇಳುವುದೆಲ್ಲ ಸರಿಯೆಂದಾಗದು. ಗುರುತಿನ ಚೀಟಿ ಹೆಸರನ್ನು ಹೇಳುತ್ತದೆ. ಸಂಬಳವನ್ನಾಗಲಿ, ಊರಿನಲ್ಲಿ ಹೆಂಡತಿ ಇದ್ದಾಳೆಯೇ ಎಂಬುದನ್ನಾಗಲಿ ಹೇಳುವುದಿಲ್ಲ. ಸುಳ್ಳು ಗುರುತಿನಿಂದ ಕಂಪ್ಯೂಟರ್ ಮೂಲಕ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಕಾನೂನು ಎಚ್ಚರಗೊಳ್ಳುವುದು ಮೋಸ ನಡೆದ ಮೇಲೆ. ಅದಕ್ಕೆ ಮುಂಚಿನ ಎಚ್ಚರ ಆಯಾ ವ್ಯಕ್ತಿಯದೇ.

ಒಂದೇ ಹೆಸರು, ಹಲವರು

ಭಾವಚಿತ್ರವನ್ನು ಗೂಗಲ್ ಲೆನ್ಸ್‌ನಂತಹ ಸಾಧನಕ್ಕೆ ಕೊಟ್ಟರೆ ಅದು ಬೇರೊಬ್ಬರಿಂದ ಕದ್ದದ್ದೇ ಎಂಬ ಸುಳಿವು ಕೆಲವೊಮ್ಮೆ ಸಿಗುತ್ತದೆ. ಕಂಪನಿಯ ನಿರ್ದೇಶಕನೆಂದು ಹೇಳಿಕೊಂಡವನ ಮಾತನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳೊಂದಿಗೆ ತಾಳೆ ನೋಡಬಹುದು. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಮೊಕದ್ದಮೆ ಹುಡುಕುವುದಕ್ಕೂ ಅವಕಾಶವಿದೆ. ಒಂದು ವಿಡಿಯೋ ಕರೆ ಹಲವು ಸಂಶಯಗಳನ್ನು ತೀರಿಸುತ್ತದೆಯಾದರೂ ಕೃತಕ ಬುದ್ಧಿಮತ್ತೆಯಿಂದ ಮುಖ, ದನಿಗಳನ್ನು ಸೃಷ್ಟಿಸಬಹುದಾದ ಈ ಕಾಲದಲ್ಲಿ ಅದನ್ನೂ ಕೊನೆಯ ಪುರಾವೆ ಎನ್ನುವಂತಿಲ್ಲ.

ತೊಡಕು ಇರುವುದು ಸಿಕ್ಕ ಮಾಹಿತಿಯನ್ನು ಓದುವುದರಲ್ಲಿ. ಮಂಜುನಾಥ ಎಂಬ ಹೆಸರಿನವರು ಬೆಂಗಳೂರಿನ ಒಂದು ಬಡಾವಣೆಯಲ್ಲೇ ಹಲವರು ಸಿಕ್ಕಾರು. ಒಬ್ಬರ ಹೆಸರಿನ ಹಿಂದೆ ಊರಿನ ಇನಿಷಿಯಲ್, ಇನ್ನೊಬ್ಬರಿಗೆ ತಂದೆಯದು. ಶಾಲೆಯ ದಾಖಲೆಯಲ್ಲಿ ಒಂದು ಇಂಗ್ಲಿಷ್ ಕಾಗುಣಿತ, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಯಾರದೋ ಚೆಕ್ ಬೌನ್ಸ್ ಪ್ರಕರಣ ಇನ್ನಾರದೋ ಸಂಬಂಧವನ್ನು ಮುರಿಯುವ ಸಾಧ್ಯತೆ ಇಲ್ಲದಿಲ್ಲ. ಮುರಿದವರು ಕಾರಣ ಹೇಳುವುದಿಲ್ಲವಾದ್ದರಿಂದ, ತನ್ನದಲ್ಲದ ತಪ್ಪಿಗೆ ತಿರಸ್ಕೃತನಾದವನಿಗೆ ಅದು ಗೊತ್ತೂ ಆಗುವುದಿಲ್ಲ.

ಮಗಳ ಹೆಸರಿಗಾಗಿ ಕೋರ್ಟಿಗೆ

ಮಾಹಿತಿ ನಿಜವೇ ಆಗಿದ್ದರೆ? ಹೈಕೋರ್ಟಿನ ಮುಂದೆ ಬಂದದ್ದು ಇಂಥದೇ ಸಂಕಟ. ಯುವತಿಯೊಬ್ಬಳ ಹಿಂದಿನ ವಿವಾಹ ವಿವಾದ ರಾಜಿಯಲ್ಲಿ ಕೊನೆಗೊಂಡಿತ್ತು. ಆದರೆ ಪ್ರಕರಣದ ಆದೇಶದಲ್ಲಿ ಆಕೆಯ ಹೆಸರಿತ್ತು. ಅಂತರ್ಜಾಲದಲ್ಲಿ ಆ ಹೆಸರು ಹುಡುಕಿದವರಿಗೆ ಆದೇಶ ಸಿಕ್ಕರೆ ಗಂಡನೊಂದಿಗಿನ ಆಕೆಯ ಬಾಳಿಗೂ, ಸಮಾಜದಲ್ಲಿನ ಮರ್ಯಾದೆಗೂ ಧಕ್ಕೆಯಾದೀತೆಂದು ಆಕೆಯ ತಂದೆ ಅರ್ಜಿ ಸಲ್ಲಿಸಿದರು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು 2017ರ ಜನವರಿ 23ರಂದು, ಸಾರ್ವಜನಿಕ ಅಂತರ್ಜಾಲ ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಉಳಿಯಿತು.

'ಮರೆತುಹೋಗುವ ಹಕ್ಕು' ಎಂಬ ಮಾತು ಭಾರತದ ನ್ಯಾಯಾಲಯಗಳಲ್ಲಿ ಕೇಳಿಬಂದ ಆರಂಭದ ಪ್ರಕರಣಗಳಲ್ಲಿ ಇದೂ ಒಂದು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದರೂ ಮನೆಯ ಸೋಫಾದ ಮೇಲೆ ಕುಳಿತು ನಡೆಸುವ ಜಾಲಾಟಕ್ಕೆ ಕಾನೂನಿನ ಕೈ ಸುಲಭವಾಗಿ ತಲಪುವುದಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸುವುದನ್ನು ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬೇರೆಯವರು ತಾವಾಗಿಯೇ ಬಹಿರಂಗಗೊಳಿಸಿದ ಮಾಹಿತಿಗೂ ಅದು ಅನ್ವಯಿಸದು. ಇನ್ನೊಂದೆಡೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ, ಹೆಣ್ಣೊಬ್ಬಳ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಪುರುಷ ಕಣ್ಣಿಡುವುದು ಹಿಂಬಾಲಿಕೆಯ ಅಪರಾಧ. ಒಮ್ಮೆ ಹುಡುಕಿ ನೋಡುವುದಕ್ಕೂ ದಿನವೂ ಬೆನ್ನು ಹತ್ತುವುದಕ್ಕೂ ಇರುವ ಅಂತರವನ್ನು ಇಲ್ಲಿ ಗುರುತಿಸಬಹುದು.

ತಪಾಸಣೆ ಮಾಡಿದವರೇ ಬಯಲಿಗೆ

ತಪಾಸಣೆಯ ಸಾಧನವೂ ಅಪಾಯಕಾರಿ ಆಗಬಲ್ಲುದು ಎಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. ಭೇಟಿಯಾಗಲಿರುವ ಪುರುಷರ ಕುರಿತು ಮಹಿಳೆಯರು ಪರಸ್ಪರ ಎಚ್ಚರಿಸಿಕೊಳ್ಳಲೆಂದು ರೂಪಿಸಿದ 'ಟೀ' ಆ್ಯಪ್ 2025ರ ಜುಲೈನಲ್ಲಿ ಅಲ್ಲಿ ಭಾರಿ ಜನಪ್ರಿಯವಾಯಿತು. ಅದೇ ತಿಂಗಳು ಅದರ ಸುಮಾರು 72 ಸಾವಿರ ಚಿತ್ರಗಳು ಸೋರಿಕೆಯಾದವು. ಅವುಗಳಲ್ಲಿ ಸುಮಾರು 13 ಸಾವಿರ, ಸದಸ್ಯೆಯರು ತಮ್ಮ ಗುರುತು ದೃಢೀಕರಿಸಲು ಕೊಟ್ಟಿದ್ದ ಸೆಲ್ಫಿ ಹಾಗೂ ಗುರುತಿನ ಚೀಟಿಯ ಚಿತ್ರಗಳು. ಆ್ಯಪ್‌ನಲ್ಲಿ ಹೆಸರು ಕಾಣಿಸಿಕೊಂಡ ಪುರುಷರಿಗೆ ತಮ್ಮ ಪರವಾಗಿ ಉತ್ತರಿಸಲು ಅವಕಾಶವಿಲ್ಲವೆಂಬ ಆಕ್ಷೇಪವೂ ಕೇಳಿಬಂದಿತು.

ಈ ಪಾಠ ಇಲ್ಲಿಗೂ ಸಲ್ಲುತ್ತದೆ. ನಂಬಿಕೆ ಹುಟ್ಟಿಸಲೆಂದು ಅಪರಿಚಿತರಿಗೆ ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಪ್ರತಿ ಕಳಿಸುವುದು ಜಾಣತನವಲ್ಲ. ಕೊಡಲೇಬೇಕಾದರೆ ಕೊನೆಯ 4 ಅಂಕಿಗಳಷ್ಟೇ ಕಾಣುವ ಮರೆಮಾಚಿದ ಆಧಾರ್ ಪ್ರತಿಗೆ ಅವಕಾಶವಿದೆ.

ಹಾಗಾದರೆ ಗೆರೆ ಎಲ್ಲಿ? ಎದುರಿನವರು ತಾವಾಗಿ ಹೇಳಿದ್ದನ್ನು ತಾಳೆ ನೋಡುವುದು ಎಚ್ಚರಿಕೆ. ಮುಖ ಅವರದೇ? ಉದ್ಯೋಗ ನಿಜವೇ? ಈಗಾಗಲೇ ಮದುವೆಯಾಗಿದೆಯೇ? ಹೇಳಿದ ಊರಿನಲ್ಲೇ ಇದ್ದಾರೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಒಬ್ಬರೇ ಭೇಟಿಗೆ ಹೋಗದಿರುವುದು, ಹೋದರೂ ಜನಸಂಚಾರವಿರುವ ಸ್ಥಳವನ್ನೇ ಆರಿಸಿ ಮನೆಯವರಿಗೋ ಗೆಳೆಯರಿಗೋ ತಿಳಿಸಿರುವುದು ಕ್ಷೇಮ. ಹಣದ ಮಾತು ಬಂದಲ್ಲಿಗೆ ಪರಿಚಯ ನಿಲ್ಲಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಇವುಗಳಾಚೆಗಿನ ಹಳೆಯ ಪ್ರೀತಿ, ಮುರಿದ ನಿಶ್ಚಿತಾರ್ಥ, ಹತ್ತು ವರ್ಷದ ಹಿಂದಿನ ಒಂದು ಭಾವಚಿತ್ರ ಮುಂತಾದುವಕ್ಕೆ ಉತ್ತರ ಹೇಳಬಲ್ಲವರು ಆ ವ್ಯಕ್ತಿಯೊಬ್ಬರೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದುಂಟು. ಪರದೆಯ ಮೇಲೆ ಕಂಡದ್ದನ್ನೂ ಹಾಗೆಯೇ ಪ್ರಮಾಣಿಸಿ ನೋಡಬೇಕಾದರೆ, ಎದುರಿಗೆ ಕುಳಿತು ಕೇಳುವುದಷ್ಟೇ ದಾರಿ.