ಬೀಗ ಹಾಕದ ವೈಫೈಗೆ ಕಳ್ಳರು ಯಾರು?

ಬಂಧುಗಳೇ, ಬರಹ ಸ್ವಲ್ಪ ಉದ್ದ ಇದೆ. ಆದ್ರೂ ಕೊನೇತನಕ ಓದಿ, ನಿಮ್ಮೂರಿನ ಗ್ರೂಪುಗಳಿಗೂ ಹಾಕಿ. ಮಧ್ಯೆ ಕೆಲವು ಸೆಕ್ಷನ್ನುಗಳು ಬರ್ತವೆ, ನಮ್ಮ ಹುಡುಗರಿಗೆ ಅವು ಬೇಕಾಗ್ತವೆ.

ನಮ್ಮ ಕಡೆ ಒಂದು ಹೊಸ ಬೈಗುಳ ಹುಟ್ಟಿದೆ: "ವೈಫೈ ಕಳ್ಳರು". ಒಂದು ಗ್ರಾಮ ಪಂಚಾಯಿತಿ ಆಫೀಸಿನ ಜಗಲಿ ಮೇಲೆ ಸಂಜೆ ಹೊತ್ತು ಮೊಬೈಲ್ ಹಿಡ್ಕೊಂಡು ಕೂತಿದ್ದ ಕಾಲೋನಿಯ ನಾಲ್ಕು ಮಕ್ಕಳಿಗೆ ಊರಿನ ದೊಡ್ಡ ಮನುಷ್ಯರೊಬ್ಬರು ಕೊಟ್ಟ ಬಿರುದು ಇದು. ಆಫೀಸಿನ ವೈಫೈಗೆ ಪಾಸ್‌ವರ್ಡ್ ಇಲ್ಲ. ಇಬ್ಬರು ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬ್ತಾ ಇದ್ರು. ಒಬ್ಬ ಗಣಿತದ ಪಾಠ ನೋಡ್ತಿದ್ದ. ಇನ್ನೊಬ್ಬ ಕ್ರಿಕೆಟ್ ನೋಡ್ತಿದ್ದ, ಅದನ್ನೂ ಮುಚ್ಚಿಡಲ್ಲ, ಹದಿನಾರು ವರ್ಷದ ಹುಡುಗ ಕ್ರಿಕೆಟ್ ನೋಡದೆ ಪ್ರವಚನ ನೋಡ್ತಾನಾ? ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಊರಿನ ಹುಡುಗರೂ ಕೂತು ಅದೇ ವೈಫೈನಲ್ಲಿ ಅದೇ ಮ್ಯಾಚು ನೋಡ್ತಿದ್ರು. ಅವರು ಯಾರೂ ಕಳ್ಳರಾಗಲಿಲ್ಲ. ಮೊಬೈಲು ಕಿತ್ಕೊಂಡಿದ್ದು ನಮ್ಮ ಮಕ್ಕಳದ್ದು ಮಾತ್ರ. "ಸೈಬರ್ ಕೇಸ್ ಹಾಕಿಸ್ತೀನಿ, ಮೂರು ವರ್ಷ ಒಳಗೆ ಹೋಗ್ತೀರ" ಅನ್ನೋ ಬೆದರಿಕೆ ಬೇರೆ. ಜೊತೆಗೆ ಜಾತಿ ಹಿಡಿದು ಎರಡು ಮಾತು.

ಊರಿನ ಹೆಸರು ಬರೆಯೋದಿಲ್ಲ. ಆ ಮಕ್ಕಳು ನಾಳೆ ಅದೇ ದಾರೀಲಿ ಶಾಲೆಗೆ ಹೋಗ್ಬೇಕು.

ಈಗ ಆ ಮೂರು ವರ್ಷ ಎಲ್ಲಿಂದ ಬಂತು ಅಂತ ನೋಡೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಹೇಳೋದು ಇಷ್ಟು: ಕಂಪ್ಯೂಟರ್ ಅಥವಾ ನೆಟ್‌ವರ್ಕಿನ ಮಾಲೀಕರ, ಇಲ್ಲವೇ ಅದರ ಉಸ್ತುವಾರಿ ಇರುವವರ ಅನುಮತಿ ಇಲ್ಲದೆ ಒಳಹೊಕ್ಕರೆ, ತೊಂದರೆಗೆ ಒಳಗಾದವರಿಗೆ ಪರಿಹಾರ ಕಟ್ಟಿಕೊಡಬೇಕು. ಪರಿಹಾರ ಸ್ವಾಮಿ, ಜೈಲಲ್ಲ. ಜೈಲಿನ ಮಾತು ಬರೋದು ಸೆಕ್ಷನ್ 66ರಲ್ಲಿ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಮಾತ್ರ ಮೂರು ವರ್ಷದವರೆಗೆ ಶಿಕ್ಷೆ, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಈ "ಅಪ್ರಾಮಾಣಿಕವಾಗಿ" ಅನ್ನೋ ಪದ ಬಾಯಿಗೆ ಬಂದಂಗೆ ಬಳಸೋದಲ್ಲ. ಹಿಂದೆ ಐಪಿಸಿ 24ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 2(7)ರಲ್ಲಿದೆ: ಒಬ್ಬರಿಗೆ ಅಕ್ರಮ ಲಾಭ, ಇಲ್ಲವೇ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡಬೇಕು ಅನ್ನೋ ಉದ್ದೇಶ ಇರಬೇಕು. ತಿಂಗಳಿಗೆ ಇಷ್ಟು ಅಂತ ಒಂದೇ ಬಿಲ್ ಬರೋ ಸರ್ಕಾರಿ ಕಚೇರಿಯ ಸಂಪರ್ಕದಲ್ಲಿ, ಕಚೇರಿ ಮುಚ್ಚಿದ ಮೇಲೆ, ಒಂದು ಹುಡುಗಿ ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ರೆ ಯಾರಿಗೆ ನಷ್ಟ ಆಯ್ತು? ಎಷ್ಟು ರೂಪಾಯಿ? ಲೆಕ್ಕ ಕೊಡಿ.

"ಕರೆಂಟ್ ಕದ್ದಂಗೇ ಇದೂ" ಅಂತ ಒಬ್ಬ ಮಹಾಶಯರು ವಾಟ್ಸಾಪಲ್ಲಿ ಬರೆದಿದ್ದಾರೆ. ಅಲ್ಲ ಕಣ್ರೀ. ಕರೆಂಟ್ ಕದಿಯೋದಕ್ಕೆ ಅಂತಲೇ ಬೇರೆ ಕಾಯ್ದೆ ಇದೆ, ಬೇರೆ ಸೆಕ್ಷನ್ ಇದೆ, 2003ರ ವಿದ್ಯುತ್ ಕಾಯ್ದೆಯ 135. ವೈಫೈ ಕಳ್ಳತನ ಅನ್ನೋ ಹೆಸರಿನ ಅಪರಾಧ ಯಾವ ಪುಸ್ತಕದಲ್ಲಿದೆ ತೋರಿಸಿ. ಇನ್ನು ಕೆಲವರಿಗೆ 66ಕ್ಕೂ 66ಎಗೂ ವ್ಯತ್ಯಾಸ ಗೊತ್ತಿಲ್ಲ. 66ಎ ಅನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆಮೇಲೂ ವರ್ಷಗಟ್ಟಲೆ ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಎಫ್‌ಐಆರ್ ಬರೆದ ದೇಶ ನಮ್ಮದು, ಆ ಮಾತು ಬಿಡಿ.

ಪ್ರಶ್ನೆ ನಿಂತಿರೋದು "ಅನುಮತಿ" ಅನ್ನೋ ಪದದ ಮೇಲೆ. ಅನುಮತಿ ಅಂದ್ರೇನು, ಬರೆದು ಕೊಡಬೇಕಾ, ಬಾಯಲ್ಲಿ ಹೇಳಿದ್ರೆ ಸಾಕಾ ಅಂತ ಕಾಯ್ದೆ ಬಿಡಿಸಿ ಹೇಳಿಲ್ಲ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಟಪಾಲು ತೆಗೆದು, ಇನ್‌ವರ್ಡ್ ನಂಬರು ಹಾಕಿ, ಫೈಲು ಮೇಲಕ್ಕೆ ಕಳಿಸೋ ಕೆಲಸ ಮಾಡಿದವನು. ನನಗೆ ಗೊತ್ತಿರೋದು ಒಂದೇ: ಬಾಯಿಮಾತಿನ ಆದೇಶಕ್ಕೆ ನಂಬರಿಲ್ಲ. ಆ ಪಂಚಾಯಿತಿಯ ಗೋಡೆ ಮೇಲೆ "ಸಾರ್ವಜನಿಕರು ವೈಫೈ ಬಳಸಬಾರದು" ಅನ್ನೋ ಬೋರ್ಡಿದೆಯಾ? ಇಲ್ಲ. ನಡಾವಳಿ ಪುಸ್ತಕದಲ್ಲಿ ಠರಾವಿದೆಯಾ? ಇಲ್ಲ. ಪಾಸ್‌ವರ್ಡ್ ಇದೆಯಾ? ಅದೂ ಇಲ್ಲ. ಉಸ್ತುವಾರಿ ಇರೋ ಪಿಡಿಒ ಮಕ್ಕಳಿಗೆ ಒಂದು ದಿನ ಬೇಡ ಅಂದಿಲ್ಲ. ಬೇಡ ಅಂದದ್ದು ಪಂಚಾಯಿತಿಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಮನುಷ್ಯ. ಅವರಿಗೆ ಅನುಮತಿ ಕೊಡೋ, ತೆಗೆದುಕೊಳ್ಳೋ ಅಧಿಕಾರ ಯಾರು ಕೊಟ್ಟದ್ದು?

ಯಾರೂ ಕೊಟ್ಟಿಲ್ಲ, ಅವರೇ ತಗೊಂಡಿದ್ದಾರೆ. ಮಹಾಡಿನಲ್ಲೂ ಹಿಂಗೇ ಆಗಿದ್ದು. 1923ರಲ್ಲಿ ಮುಂಬೈ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯುವ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ ಮೇಲೆ ಸವರ್ಣೀಯರು ಕೋರ್ಟಿಗೆ ಹೋಗಿ ಏನಂದ್ರು ಗೊತ್ತಾ? ಕೆರೆ ನಮ್ಮದು, ಬಳಸೋ ಹಕ್ಕು ನಮಗೆ ಮಾತ್ರ, ಇವರು ಬರಬಾರದು. ಪುರಸಭೆಯ ಕೆರೆ ಅದು! ಆ ದಾವೆ ಮುಂಬೈ ಹೈಕೋರ್ಟಿನಲ್ಲಿ ಮುಗಿದು ನಮ್ಮ ಪರ ತೀರ್ಪು ಬರೋಕೆ 1937ರ ಮಾರ್ಚ್ 17ರವರೆಗೆ ಕಾಯಬೇಕಾಯ್ತು. ಆಮೇಲೆ ಸಂವಿಧಾನದ 15(2)ನೇ ವಿಧಿ ಬಂತು. ಸರ್ಕಾರದ ದುಡ್ಡಲ್ಲಿ ಪೂರ್ತಿಯಾಗಿಯೋ ಭಾಗಶಃವೋ ನಡೆಯೋ ಬಾವಿ, ಕೆರೆ, ರಸ್ತೆ, ಸಾರ್ವಜನಿಕ ತಾಣಗಳಲ್ಲಿ ಜಾತಿ ಕಾರಣಕ್ಕೆ ಯಾರನ್ನೂ ತಡೆಯಂಗಿಲ್ಲ. ಬರೆದವರ ಕಾಲದಲ್ಲಿ ವೈಫೈ ಇರಲಿಲ್ಲ, ನಿಜ. ಆದ್ರೆ ಪಂಚಾಯಿತಿ ಜಗಲಿ ಇತ್ತು.

"ಭದ್ರತೆ" ಅನ್ನೋ ವಾದಕ್ಕೂ ಉತ್ತರ ಹೇಳ್ತೀನಿ, ಅದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಬಂದ ಇಮೇಲು, ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋಗಿದ್ದು ಆತನ ಮನೆಗೇ. ತೆರೆದಿಟ್ಟ ಸಂಪರ್ಕದಿಂದ ಯಾರೋ ಏನೋ ಮಾಡಿದ್ರೆ ವಿಳಾಸ ಮಾಲೀಕನದ್ದೇ ಸಿಗುತ್ತೆ. ಇದಾದ ಮೇಲೆ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸ್ತು. ವೈಫೈ ಭದ್ರವಾಗಿರಬೇಕು, ಬಳಸೋರ ಗುರುತು ದಾಖಲಾಗಬೇಕು ಅಂತ. ಸೂಚನೆ ಯಾರಿಗೆ? ಇಂಟರ್‌ನೆಟ್ ಕೊಡೋ ಕಂಪನಿಗಳಿಗೆ, ಅವರ ಮೂಲಕ ಸಂಪರ್ಕ ತಗೊಂಡ ಗ್ರಾಹಕರಿಗೆ. ಜಗಲಿ ಮೇಲೆ ಕೂತ ಮಕ್ಕಳಿಗಲ್ಲ. ಭದ್ರತೆ ಬೇಕಾದ್ರೆ ಮೊಬೈಲಿಗೆ ಓಟಿಪಿ ಬರೋ ಹಂಗೆ ಮಾಡಿ, ಯಾರು ಬಳಸಿದ್ರು ಅಂತ ದಾಖಲೆ ಉಳಿಯುತ್ತೆ. ಸಾರ್ವಜನಿಕ ವೈಫೈ ಹೆಚ್ಚಲಿ ಅಂತಲೇ ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಯೋಜನೆ ಒಪ್ಪಿತು. ಅದರಲ್ಲಿ ಒಂದು ಚಹಾ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಇಲ್ಲದೆ ವೈಫೈ ಕೊಡಬಹುದು. ಚಹಾ ಅಂಗಡಿಗೆ ಸಲ್ಲುವುದು ಪಂಚಾಯಿತಿಗೆ ಸಲ್ಲದಾ?

"ಡೇಟಾ ಅಗ್ಗ ಆಗಿದೆಯಲ್ಲ, ರೀಚಾರ್ಜ್ ಮಾಡಿಸ್ಕೊಳ್ಳಿ" ಅನ್ನೋರಿಗೆ: 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ ದೇಶದ ಹಳ್ಳಿ ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 14.9. ಅಲ್ಲಿಂದ ಹೆಚ್ಚಾಗಿದೆ, ಒಪ್ಪುತ್ತೀನಿ. ಆದ್ರೆ ಮನೆಗೊಂದು ಮೊಬೈಲು, ಅದು ಅಪ್ಪನ ಜೊತೆ ಕೂಲಿಗೆ ಹೋದ್ರೆ ಬರೋದೇ ಸಂಜೆಗೆ. ಪಹಣಿ ಆನ್‌ಲೈನು, ಸ್ಕಾಲರ್‌ಶಿಪ್ ಆನ್‌ಲೈನು, ರೇಷನ್ ಕಾರ್ಡಿನ ಇ-ಕೆವೈಸಿ ಆನ್‌ಲೈನು. ಸರ್ಕಾರ ಎಲ್ಲಾದಕ್ಕೂ ಅಲ್ಲಿಗೇ ಬಾ ಅನ್ನುತ್ತೆ, ಬಾಗಿಲಲ್ಲಿ ನಿಂತವನು ಮುಟ್ಟಬೇಡ ಅಂತಾನೆ. ಕಿತ್ಕೊಂಡ ಮೊಬೈಲಿಗೇ ಆ ಹುಡುಗಿಯ ಸ್ಕಾಲರ್‌ಶಿಪ್ ಓಟಿಪಿ ಬರಬೇಕಾಗಿದ್ದು. ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧದ ವಿರುದ್ಧ ಹೋದ ಫಹೀಮಾ ಶಿರಿನ್ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಸೋದು ಶಿಕ್ಷಣದ ಹಕ್ಕಿನ ಭಾಗ ಅಂತ ಹೇಳಿದೆ. ನಮ್ಮ ಸಂಘಟನೆಗಳ ಹಿರಿಯರು ಕೆಲವರು "ಭೂಮಿ ಪ್ರಶ್ನೆ ಬಿಟ್ಟು ವೈಫೈ ಹಿಂದೆ ಬಿದ್ದೆಯಲ್ಲೋ" ಅಂತಾರೆ. ಅಣ್ಣಾ, ಭೂಮಿಯ ಅರ್ಜಿಯೂ ಈಗ ಅದರಲ್ಲೇ ಹೋಗೋದು.

ಹುಡುಗರಿಗೆ ನೇರವಾಗಿ ಒಂದು ಮಾತು. ಪಕ್ಕದ ಮನೆಯವರ ವೈಫೈ ತೆರೆದಿದ್ರೂ ಕೇಳದೆ ಬಳಸಬೇಡಿ. ಅದು ಅವರ ಖಾಸಗಿ ಸಂಪರ್ಕ, 43ನೇ ಸೆಕ್ಷನ್ ಅಲ್ಲಿ ನಿಜವಾಗಿಯೂ ಅಂಟಿಕೊಳ್ಳಬಹುದು. ಪಾಸ್‌ವರ್ಡ್ ಊಹಿಸೋದು, ಆಪ್ ಹಾಕಿ ಒಡೆಯೋದು ಮಾಡಿದ್ರೆ ನಾನೂ ನಿಮ್ಮ ಪರ ಬರಲ್ಲ.

ಆದ್ರೆ ಸರ್ಕಾರಿ ಜಾಗದ ತೆರೆದ ವೈಫೈಗೆ ಯಾರಾದ್ರೂ ಹೆದರಿಸಿದ್ರೆ ಇದನ್ನು ನೆನಪಿಟ್ಕೊಳ್ಳಿ. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡಂಗಿಲ್ಲ, ಸೆಕ್ಷನ್ 78. ಸೆಕ್ಷನ್ 66 ಜಾಮೀನು ಸಿಗುವ ಅಪರಾಧ, 77ಬಿ ನೋಡಿ. ಹದಿನೆಂಟು ತುಂಬದವರಾದ್ರೆ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧ ಬಾಲನ್ಯಾಯ ಕಾಯ್ದೆಯಲ್ಲಿ ಸಣ್ಣ ಅಪರಾಧ. ಮಗುವನ್ನು ಲಾಕಪ್ಪಿಗೆ ಹಾಕಂಗಿಲ್ಲ. ಮೊಬೈಲು ಕಿತ್ತಿಟ್ಕೊಳ್ಳೋಕೆ ಊರಿನ ಯಾವ ಯಜಮಾನನಿಗೂ ಅಧಿಕಾರವಿಲ್ಲ, ಪೊಲೀಸರು ತಗೊಂಡ್ರೂ ಮಹಜರು ಬರೀಬೇಕು. ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದ್ರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್). ದ್ವೇಷಕ್ಕೆ ಸುಳ್ಳು ಕೇಸು ಹಾಕಿಸಿದ್ರೆ 3(1)(ಪಿ), ಸುಳ್ಳು ಮಾಹಿತಿ ಕೊಟ್ಟು ಅಧಿಕಾರಿಯಿಂದ ಕಿರುಕುಳ ಕೊಡಿಸಿದ್ರೆ 3(1)(ಕ್ಯೂ). ಜೈಲಿನ ಹೆಸರು ಹೇಳಿ ಹೆದರಿಸಿದವರು ಈ ಅಕ್ಷರಗಳನ್ನೂ ಓದಿಕೊಳ್ಳಲಿ.

ಮುಂದಿನ ಸೋಮವಾರ ಪಿಡಿಒಗೆ ಮನವಿ ಕೊಡ್ತೀವಿ. ಮನವಿಯಲ್ಲಿ ಮೂರೇ ಸಾಲು: ಮೊಬೈಲುಗಳನ್ನು ಆ ದಿನವೇ ಮಕ್ಕಳ ಕೈಗೆ ಕೊಡಿಸಿ, ವೈಫೈಗೆ ಓಟಿಪಿ ಹಾಕಿ, ಬಳಸುವ ಸಮಯವನ್ನು ಬೋರ್ಡ್ ಬರೆಸಿ, ಎಲ್ಲರಿಗೂ ಒಂದೇ ನಿಯಮ ಅಂತ ಠರಾವು ಮಾಡಿ, ಅರಿವು ಕೇಂದ್ರವನ್ನು ಸಂಜೆ ಎಂಟರವರೆಗೆ ತೆರೆದಿಡಿ, ಮಕ್ಕಳು ಜಗಲಿ ಮೇಲಲ್ಲ, ಕುರ್ಚಿ ಮೇಲೆ ಕೂರಲಿ. ಬರೋರು ಬೆಳಿಗ್ಗೆ ಹತ್ತೂವರೆಗೆ ಬನ್ನಿ. ಇನ್‌ವರ್ಡ್ ನಂಬರು ಹಾಕಿದ ಪ್ರತಿ ಕೈಗೆ ಸಿಗೋತನಕ ಯಾರೂ ಏಳೋದು ಬೇಡ.

ಜೈ ಭೀಮ್.